ಚಿಕ್ಕಪ್ಪನ ಬೇಸ್ ಗಿಟಾರ್: ಗುರುತು ಹಿಡಿದಿದ್ದು, ಮಾರಿದ್ದು

ಚಿಕ್ಕಪ್ಪ ಬಿಟ್ಟುಹೋದ ನಾಲ್ಕು ತಂತಿಯ ಹಳೆ ಬೇಸ್ ಗಿಟಾರ್‌ನ ಫೋಟೊ ನೋಡಿದ ಕೂಡಲೇ ಬೆಂಗಳೂರಿನ ಒಬ್ಬ ಅಂಗಡಿಯವರು "ಜಪಾನ್ ಕಾಪಿ, ಹದಿನೈದು ಸಾವಿರಕ್ಕೆ ತಗೋತೀನಿ" ಅಂದರು. ಮೈಸೂರಿನಲ್ಲಿ ಆರ್ಕೆಸ್ಟ್ರಾ ನಡೆಸುವ ಗೆಳೆಯ ಅದಕ್ಕಿಂತ ಕಡಿಮೆ ಹೇಳಿದ. ಕೊಡಗಿನ ನಮ್ಮ ಗೋಣಿಕೊಪ್ಪದಲ್ಲಂತೂ ಎಲ್ಲರದ್ದೂ ಒಂದೇ ಸಲಹೆ: "ಹೊಸ ಪೇಂಟ್ ಹೊಡೆಸು ಮಾರಾಯ, ಯಾರಾದ್ರೂ ಕಾಲೇಜ್ ಹುಡುಗರು ತಗೋತಾರೆ." ನಾನು ಪೇಂಟ್ ಹೊಡೆಸಲಿಲ್ಲ. ತಂತಿ ಕೂಡ ಹೊಸದು ಹಾಕಲಿಲ್ಲ. ಅದು ನಾಲ್ಕು ಲಕ್ಷದ ಹತ್ತಿರಕ್ಕೆ ಹೋಯಿತು. ಅವತ್ತು ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮೈಕ್‌ಸೆಟ್ ಬಾಡಿಗೆ, ಆಂಪ್ ರಿಪೇರಿ. ಗಿಟಾರ್ ಕೆಲಸವೂ ಬರುತ್ತದೆ, ಮದುವೆ ಸೀಸನ್‌ನಲ್ಲಿ ಜಾಸ್ತಿ. ಚಿಕ್ಕಪ್ಪ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬ್ಯಾಂಡ್‌ನಲ್ಲಿ ನುಡಿಸುತ್ತಿದ್ದರು. ಆಗ ಹೊರದೇಶದ ವಾದ್ಯ ತರಿಸುವುದು ಸುಲಭದ ಮಾತಲ್ಲ. ಊರಿಗೆ ವಾಪಸ್ ಹೊರಟಿದ್ದ ಒಬ್ಬ ವಿದೇಶಿಯ ಕೈಯಿಂದ ಕೊಂಡದ್ದು ಅಂತ ಹೇಳುತ್ತಿದ್ದರು. ಆಮೇಲೆ ತೋಟ ನೋಡಿಕೊಳ್ಳಲು ಸಿದ್ದಾಪುರದ ಕಡೆ ಬಂದರು, ಗಿಟಾರ್ ಅಟ್ಟ ಸೇರಿತು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ "ಇದು ನಿನಗೇ ಇರಲಿ, ಮಾರಿದರೆ ಮಕ್ಕಳಿಗೂ ಒಂದು ಪಾಲು ಕೊಡು" ಅಂದರು. ಅದನ್ನು ಮೊದಲೇ ಒಂದು ಕಾಗದದಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿಕೊಂಡೆ. ಆಗ ಎಲ್ಲರೂ ನಕ್ಕರು. ಬೆಲೆ ಗೊತ್ತಾದ ಮೇಲೆ ಯಾರೂ ನಗಲಿಲ್ಲ.

ಸ್ಥಿತಿ ಹೇಳುತ್ತೇನೆ. ಬಾಡಿ ಪೂರ್ತಿ ಕಪ್ಪು, ಕಾರಿಗೆ ಹೊಡೆಯುವ ಡ್ಯೂಕೊ ಪೇಂಟ್. ಗಿಟಾರ್‌ನ ತಲೆ, ಅಂದರೆ ಹೆಡ್‌ಸ್ಟಾಕ್‌ನಲ್ಲಿ ಕಂಪನಿಯ ಲೋಗೊ ಇಲ್ಲ, ಯಾರೋ ಕೆರೆದು ತೆಗೆದಿದ್ದಾರೆ. ತಂತಿಯ ಕಂಪನ ಹಿಡಿಯುವ ಎರಡು ಪಿಕಪ್‌ಗಳಲ್ಲಿ ಒಂದು ಸತ್ತಿದೆ. ಎಲ್ಲ ಕಡೆ ಬೂಷ್ಟು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಮರ ಬಿಡುತ್ತದೆಯೇ?

ಲೋಗೊ ಇದ್ದಿದ್ದರೂ ನಾನು ಅದನ್ನು ನಂಬುತ್ತಿರಲಿಲ್ಲ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ನೆಕ್, ಅಂದರೆ ಗಿಟಾರ್‌ನ ಉದ್ದ ಕತ್ತನ್ನು ಬಿಚ್ಚಿದೆ. ಸ್ಕ್ರೂಗಳನ್ನು ಒಂದು ರಟ್ಟಿಗೆ ಚುಚ್ಚಿ, ಯಾವುದು ಎಲ್ಲಿಯದು ಅಂತ ಬರೆದಿಟ್ಟೆ. ನೆಕ್‌ನ ಬುಡದಲ್ಲಿ, ಬಾಡಿಯೊಳಗೆ ಕೂರುವ ಜಾಗದಲ್ಲಿ, ಮಸುಕಾದ ಸೀಲ್. ಟಾರ್ಚನ್ನು ಅಡ್ಡ ಹಿಡಿದಾಗ ಕಂಡಿತು: ಮೊದಲು 7, ನಡುವೆ ಅರ್ಧ ಅಳಿಸಿದ ತಿಂಗಳು, ಆಮೇಲೆ 66, ಕೊನೆಗೆ ಎ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನವರ ಲೆಕ್ಕದಲ್ಲಿ 7 ಅಂದರೆ ಅವರ ಜಾಝ್ ಬೇಸ್ ಮಾಡೆಲ್, 66 ಅಂದರೆ 1966ನೇ ಇಸವಿ, ಎ ಅಂದರೆ ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್ ಹತ್ತಿರ ಒಂದೂವರೆ ಇಂಚು ಅಗಲ. ವರ್ನಿಯರ್ ಹಿಡಿದೆ, 38 ಮಿಲಿಮೀಟರ್. ನನ್ನ ಕೈ ಸಣ್ಣಗೆ ನಡುಗಿದ್ದು ನಿಜ.

ಆದರೆ ನೆಕ್ ಒಂದೇ ಅಸಲಿ ಆಗಿದ್ದು ಬಾಡಿ ಬೇರೆ ಇರಬಹುದು. ಹಾಗಾಗಿ ಒಂದೊಂದೇ ಭಾಗ ಬೇರೆ ಬೇರೆಯಾಗಿ ಒಂದೇ ಉತ್ತರ ಹೇಳಬೇಕು. ವಾಲ್ಯೂಮ್, ಟೋನ್ ತಿರುಗಿಸುವ ನಾಬ್‌ಗಳ ಅಡಿ ಇರುವ ಪಾಟ್‌ಗಳ ಬೆನ್ನು ಒರೆಸಿದೆ. 137 ಅಂತ ಶುರುವಾಗಿ 66 ಬರುತ್ತದೆ. 137 ಅಂದರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ, 66 ಅಂದರೆ ಇಸವಿ, ಆಮೇಲಿನ ಎರಡು ಅಂಕಿ ವಾರ. ಇಲ್ಲಿ ಹುಷಾರಾಗಿರಬೇಕು. ಫೆಂಡರ್‌ನವರು 1966ರಲ್ಲಿ ಪಾಟ್ ರಾಶಿ ಕೊಂಡು ಮುಂದಿನ ಎರಡು ಮೂರು ವರ್ಷವೂ ಅದನ್ನೇ ಹಾಕಿದ್ದಾರೆ. ಪಾಟ್ ಹೇಳುವುದು "ಇದಕ್ಕಿಂತ ಹಳೆಯದಲ್ಲ" ಅಂತ ಮಾತ್ರ. ಒಳಗಿನ ವೈರಿಗೆ ಬಟ್ಟೆಯ ಹೊದಿಕೆ, ಅದೂ ಆ ಕಾಲಕ್ಕೆ ಸರಿ. ನೆಕ್ ಬಾಡಿಗೆ ಸೇರುವ ಜಾಗದ ಹಿಂದಿನ ಪ್ಲೇಟ್‌ನಲ್ಲಿ ದೊಡ್ಡ ಎಫ್, ಅಂದರೆ ಸಿಬಿಎಸ್ ಕಂಪನಿ 1965ರಲ್ಲಿ ಫೆಂಡರ್ ಕೊಂಡ ಮೇಲಿನದು. ಅದರ ಮೇಲಿನ ಸೀರಿಯಲ್ ನಂಬರ್ ಒಂದೂಕಾಲು ಲಕ್ಷದ ಆಸುಪಾಸು. ಪೂರ್ತಿ ನಂಬರ್ ಬರೆಯುವುದಿಲ್ಲ, ಕೊಂಡವರಿಗೆ ಮಾತು ಕೊಟ್ಟಿದ್ದೇನೆ.

ನನಗೆ ಖಾತ್ರಿ ಕೊಟ್ಟಿದ್ದು ನೆಕ್‌ನ ಮೇಲೆ ಬೆರಳು ಒತ್ತುವ ಪಟ್ಟಿ, ಫಿಂಗರ್‌ಬೋರ್ಡ್. ಅಂಚಿನುದ್ದಕ್ಕೂ ಬಿಳಿ ಪಟ್ಟಿಯ ಬೈಂಡಿಂಗ್ ಇದೆ, ಆದರೆ ಬೆರಳಿಡುವ ಜಾಗ ತೋರಿಸುವ ಗುರುತುಗಳು ಇನ್ನೂ ದುಂಡು ಚುಕ್ಕಿ. ಜಾಝ್ ಬೇಸ್‌ಗೆ ಮೊದಲು ಬೈಂಡಿಂಗ್ ಬಂತು, ಸ್ವಲ್ಪ ಕಾಲ ಬಿಟ್ಟು 1966ರಲ್ಲೇ ಚುಕ್ಕಿ ಹೋಗಿ ಚೌಕದ ಬ್ಲಾಕ್ ಬಂತು. ಎರಡರ ನಡುವಿನ ಆ ಚಿಕ್ಕ ಅವಧಿಯ ಮಾಲು ಇದು. ಕಾಪಿ ಮಾಡುವವರು ಸಾಮಾನ್ಯವಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಲೋಗೊ ವಿಷಯಕ್ಕೆ ಮುನ್ನೂರು ರೂಪಾಯಿಯ ಟಾರ್ಚ್ ಸಾಕಾಯಿತು. ಅಂಗಡಿಗಳಲ್ಲಿ ಕಳ್ಳನೋಟು ನೋಡಲು ಇಟ್ಟುಕೊಳ್ಳುತ್ತಾರಲ್ಲ, ಅದೇ ನೇರಳೆ ಬೆಳಕು. ಕತ್ತಲೆ ಕೋಣೆಯಲ್ಲಿ ಹಿಡಿದಾಗ ಹೆಡ್‌ಸ್ಟಾಕ್‌ನ ಹಳೆ ಲ್ಯಾಕರ್ ಹಳದಿ ಹಸಿರಾಗಿ ಹೊಳೆಯಿತು. ಲೋಗೊ ಇದ್ದ ಜಾಗ ಮಾತ್ರ ಬೇರೆ ಬಣ್ಣ, ಅಕ್ಷರದ ಅಂಚು ಸಮೇತ. ಆ ಹುಮ್ಮಸ್ಸಿನಲ್ಲಿ ಮನೆಯಲ್ಲಿದ್ದ ಬೀರು, ತೊಟ್ಟಿಲು, ಅಜ್ಜನ ಕೋವಿಯ ಹಿಡಿ ಎಲ್ಲದಕ್ಕೂ ಟಾರ್ಚ್ ಹಿಡಿದು ನೋಡಿದೆ. ಹೆಂಡತಿ ಬೈದ ಮೇಲೆ ನಿಲ್ಲಿಸಿದೆ.

ಸತ್ತ ಪಿಕಪ್ ನನ್ನ ನಿದ್ದೆ ಕೆಡಿಸಿತು. ಒಂದು ಏಳೂವರೆ ಕಿಲೋ ಓಮ್ ತೋರಿಸುತ್ತದೆ, ಇನ್ನೊಂದರಲ್ಲಿ ಮೀಟರ್ ಅಲುಗುವುದೇ ಇಲ್ಲ. ಎಲ್ಲರೂ ರಿವೈಂಡ್ ಮಾಡಿಸು, ಅಂದರೆ ಕಾಯಿಲ್‌ಗೆ ಹೊಸ ತಂತಿ ಸುತ್ತಿಸು ಅಂದರು. ರಿವೈಂಡ್ ಆದರೆ ಅಸಲಿ ಅನ್ನುವ ಬೆಲೆ ಹೋಗುತ್ತದೆ. ವಾಚ್ ರಿಪೇರಿಯವರ ಕಣ್ಣಿನ ಲೆನ್ಸ್ ತಂದು ಕೂತೆ. ಕಾಯಿಲ್‌ನ ತಂತಿ ಕೂದಲಿಗಿಂತ ತೆಳು. ಅದು ತಳದ ಹಿತ್ತಾಳೆ ಕಣ್ಣಿನೊಳಗೆ ಇಳಿಯುವ ಜಾಗದಲ್ಲಿ ಹಸಿರು ಕಿಲುಬು, ಅಲ್ಲೇ ತುಂಡಾಗಿತ್ತು. ಒಳಗೆ ಸುತ್ತು ಸರಿಯಾಗೇ ಇತ್ತು. ಒಂದು ಸುತ್ತು ಬಿಚ್ಚಿ ಎಳೆದು ಬೆಸುಗೆ ಹಾಕಿದೆ. ಮೀಟರ್ ಏಳು ಚಿಲ್ಲರೆ ತೋರಿಸಿತು. ಕಿಲುಬು ಬಿಡಿಸಿದ್ದು ಯಾವುದರಿಂದ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು. ಆ ಒಂದು ಬೆಸುಗೆ ನನ್ನದು ಅಂತ ಫೋಟೊ ಸಮೇತ ಬರೆದಿಟ್ಟೆ. ಉಳಿದ ಯಾವ ಬೆಸುಗೆಯನ್ನೂ ಮುಟ್ಟಲಿಲ್ಲ.

ಈಗ ಕಪ್ಪು ಬಣ್ಣ. ಬಾಡಿಯ ಮೇಲಿನ ತೆಳು ಹಾಳೆ, ಪಿಕ್‌ಗಾರ್ಡ್ ಎತ್ತಿದಾಗ ಅಡಿಯಲ್ಲಿ ಸನ್‌ಬರ್ಸ್ಟ್ ಬಣ್ಣ ಹೊಳೆಯುತ್ತಿತ್ತು. ಒಳಗೆ ಹಳದಿ, ಆಮೇಲೆ ಕೆಂಪು, ಅಂಚಿಗೆ ಕಪ್ಪು. ಪೇಂಟರ್ ಮಹಾಶಯ ಪಿಕ್‌ಗಾರ್ಡ್ ಬಿಚ್ಚದೆ ಹೊಡೆದಿದ್ದ. ಪ್ರಶ್ನೆ ಒಂದೇ: ಹೊರಗಡೆ ಹಳೆ ಬಣ್ಣವನ್ನು ಉಜ್ಜಿ ತೆಗೆದು ಹೊಡೆದಿದ್ದಾನೋ, ಅದರ ಮೇಲೇ ಹೊಡೆದಿದ್ದಾನೋ? ಉಜ್ಜಿ ತೆಗೆದಿದ್ದರೆ ಬೆಲೆ ಅರ್ಧಕ್ಕೆ ಬಿತ್ತು ಅಂತಲೇ ಲೆಕ್ಕ.

ಒಂದು ಒಡೆದ ಹಳೇ ಗಿಟಾರ್‌ಗೆ ಲ್ಯಾಕರ್ ಹೊಡೆದು, ಒಣಗಿಸಿ, ಮೇಲೆ ಡ್ಯೂಕೊ ಹೊಡೆದು ಪ್ರಯೋಗ ಮಾಡಿದೆ. ಥಿನ್ನರ್ ಹಾಕಿದರೆ ಎರಡೂ ಒಟ್ಟಿಗೆ ಕರಗುತ್ತವೆ, ಎರಡೂ ನೈಟ್ರೊಸೆಲ್ಯುಲೋಸ್ ಜಾತಿಯವೇ. ಪೆಟ್ರೋಲ್, ಸೀಮೆಎಣ್ಣೆ ಏನೂ ಮಾಡಲಿಲ್ಲ. ಕೊನೆಗೆ ಉಳಿದಿದ್ದು ಕೆರೆಯುವುದು. ಯಾವ ಅಲಗು, ಯಾವ ಕೋನ ಅನ್ನುವುದಕ್ಕೆ ಕೈ ಪಳಗಬೇಕು. ಪಿಕ್‌ಗಾರ್ಡ್ ಗೆರೆಯ ಹೊರಗೆ ಹೆಬ್ಬೆರಳಿನಷ್ಟು ಜಾಗ ಮಾತ್ರ ಕೆರೆದೆ. ಕಪ್ಪು ಪುಡಿಯಾಗಿ ಉದುರಿತು. ಅಡಿಯಲ್ಲಿ ಕೆಂಪು ಕಂಡಿತು! ಎಮ್ರಿ ಪೇಪರ್‌ನ ಗೀರುಗಳಿವೆ, ಆದರೆ ಬಣ್ಣ ಇದೆ.

ಅಲ್ಲಿಗೇ ನಿಲ್ಲಿಸಿದೆ. ಇದೇ ನನ್ನ ಇಡೀ ವಿಧಾನ, ಇದನ್ನೇ ಯಾರೂ ಒಪ್ಪಲಿಲ್ಲ. "ಪೂರ್ತಿ ಕೆರೆದು ಪಳಪಳ ಮಾಡಿದರೆ ಡಬಲ್ ಸಿಗುತ್ತದೆ" ಅಂತ ಚಿಕ್ಕಪ್ಪನ ಮಗ ಹಠ ಹಿಡಿದ. ಪೂರ್ತಿ ಕೆರೆದು ಎಲ್ಲೋ ಒಂದು ಕಡೆ ಬರಿ ಮರ ಬಂದರೆ ಮುಗಿಯಿತಲ್ಲ. ಹೆಬ್ಬೆರಳಿನಷ್ಟು ತೋರಿಸಿದರೆ ಉಳಿದಿದ್ದನ್ನು ಕೊಳ್ಳುವವನ ಆಸೆ ತುಂಬಿಕೊಳ್ಳುತ್ತದೆ. ಕೆರೆಯುವ ಖುಷಿಯೂ ಅವನದೇ. ಇನ್ನೊಬ್ಬ ತಮ್ಮನದು ಬಿಡಿ ಬಿಡಿಯಾಗಿ ಮಾರುವ ಲೆಕ್ಕ: ನೆಕ್ ಒಂದಕ್ಕೇ ಒಂದೂವರೆ ಲಕ್ಷದ ಮೇಲೆ, ಪಿಕಪ್ ಜೋಡಿ ಬೇರೆ, ತಂತಿ ಬಿಗಿಯುವ ಲಾಲಿಪಾಪ್ ಆಕಾರದ ಕೀಲಿಗಳು ಬೇರೆ. ಲೆಕ್ಕ ಸುಳ್ಳಲ್ಲ. ಆದರೆ ಅರವತ್ತು ವರ್ಷ ಒಟ್ಟಿಗಿದ್ದ ಸಾಮಾನನ್ನು ಮಾಂಸದ ಅಂಗಡಿಯ ಹಾಗೆ ಪಾಲು ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಇದರ ಮಧ್ಯೆ ಮಳೆ. ಗಾಳಿಯಲ್ಲಿ ತೇವ ಶೇಕಡಾ ತೊಂಬತ್ತರ ಮೇಲೆ, ನೆಕ್ ಬಗ್ಗತೊಡಗಿತು. ಆ ಕಾಲದ ನೆಕ್‌ಗೆ ಬಾಗು ಸರಿಮಾಡುವ ಒಳಗಿನ ಸರಳಿನ (ಟ್ರಸ್ ರಾಡ್) ತಿರುಗಿಸುವ ನಟ್ ಬುಡದಲ್ಲಿ ಇರುವುದರಿಂದ ಪ್ರತಿ ಸಲ ಬಿಚ್ಚಬೇಕು. ತಲೆ ಓಡಿಸಿ ಒಂದು ಟ್ರಂಕ್‌ನಲ್ಲಿ ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟ್ ಕಾಫಿ ಚೀಲದ ಜೊತೆ ನೆಕ್ ಇಟ್ಟೆ. ಒಣ ಕಾಫಿ ತೇವ ಎಳೆಯುತ್ತದೆ ಅಂತ ತೋಟದವರಿಗೆಲ್ಲ ಗೊತ್ತು. ತೇವ ಅರವತ್ತೈದಕ್ಕೆ ಇಳಿಯಿತು, ನೆಕ್ ನೆಟ್ಟಗಾಯಿತು. ಆದರೆ ವಾರದಲ್ಲೇ ಕಾಫಿ ಮೆತ್ತಗಾಯಿತು, ಅದನ್ನು ಮಾರುವ ಹಾಗಿಲ್ಲ. ಆಮೇಲೆ ಸಿಲಿಕಾ ಜೆಲ್ಲಿಗೆ ಬಂದೆ. ಖರ್ಚು ಕಡಿಮೆ.

ಮಾರಾಟದ ಕಥೆ ಬೇರೆ. ಮೊದಲು ಹಳೆ ಸಾಮಾನು ಮಾರುವ ಆಪ್‌ನಲ್ಲಿ ಹಾಕಿದೆ. ಒಬ್ಬ ಬೈಕ್ ಕೊಡುತ್ತೇನೆ ಅಂದ, ಇನ್ನೊಬ್ಬ "ಸಿಕ್ಸ್ ಸ್ಟ್ರಿಂಗ್ ಇಲ್ವಾ" ಅಂದ. ಮುಂಬೈಯ ಒಬ್ಬರು ಪಾರ್ಸೆಲ್ ಕಳಿಸಿ, ನೋಡಿ ದುಡ್ಡು ಹಾಕುತ್ತೇನೆ ಅಂದರು. ಅಷ್ಟು ದಡ್ಡ ನಾನಲ್ಲ. ಹೊರದೇಶದಿಂದ ಜಾಸ್ತಿ ಬೆಲೆಗೆ ಒಬ್ಬರು ಕೇಳಿದರು. ಅಲ್ಲಿ ಅಡ್ಡ ಬಂದದ್ದು ಬೀಟೆ. ಫಿಂಗರ್‌ಬೋರ್ಡ್ ಬೀಟೆ ಮರದ್ದು. ಆ ವರ್ಷಗಳಲ್ಲಿ ಫೆಂಡರ್ ಬ್ರೆಜಿಲ್ ಬೀಟೆಯಿಂದ ನಮ್ಮ ದೇಶದ ಬೀಟೆಗೆ ಬದಲಾಗುತ್ತಿತ್ತು. ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಸೈಟ್ಸ್ ಅಂತ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ. ನಮ್ಮ ಬೀಟೆಯಾದರೆ, ಪೂರ್ತಿ ತಯಾರಾದ ವಾದ್ಯಕ್ಕೆ 2019ರಿಂದ ಅದರಲ್ಲಿ ವಿನಾಯಿತಿ ಇದೆ. ಬ್ರೆಜಿಲ್‌ನದ್ದು 1992ರಿಂದ ಅತಿ ಬಿಗಿ ಪಟ್ಟಿಯಲ್ಲಿದೆ. ಸಿದ್ದಾಪುರದ ಹಳೆ ಆಚಾರಿಯೊಬ್ಬರಿಗೆ ತೋರಿಸಿದೆ. ಉಗುರಿನಿಂದ ಗೀರಿ, ಮೂಸಿ, "ಇದು ನಮ್ಮ ಕಾಡಿನದಲ್ಲ" ಅಂದರು. ತೋಟದ ಬೀಟೆ ಕಡಿಯುವುದಕ್ಕೇ ಅರಣ್ಯ ಇಲಾಖೆಯ ಕಾಗದಕ್ಕೆ ಅಲೆದವರು ನಾವು, ಇದಕ್ಕೂ ಅಲೆಯುವುದು ಬೇಡ ಅಂತ ಆಸೆ ಬಿಟ್ಟೆ.

ಬೆಲೆ ಕಟ್ಟುವಾಗ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಒಳ್ಳೆ ಸ್ಥಿತಿಯದರ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಹಿಡಿದೆ. ನಲವತ್ತು ಚಿಲ್ಲರೆ ಫೋಟೊ, ಪ್ರತಿ ಭಾಗದ ಅಳತೆ, ಕೆರೆದ ಜಾಗ, ನನ್ನ ಬೆಸುಗೆ ಎಲ್ಲ ಒಂದು ಫೈಲ್ ಮಾಡಿದೆ. ಚಿಕ್ಕಪ್ಪ ಅದನ್ನು ಹಿಡಿದು ನಿಂತ ಕಪ್ಪು ಬಿಳುಪು ಫೋಟೊ ಚಿಕ್ಕಮ್ಮನ ಟ್ರಂಕ್‌ನಲ್ಲಿ ಸಿಕ್ಕಿತು. ಅದರಲ್ಲಿ ಬಾಡಿಯ ನಡುವೆ ತಿಳಿ, ಅಂಚಿಗೆ ಕಪ್ಪು. ಪೇಂಟ್ ಆಮೇಲಿನದು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಫೈಲ್ ಯಾರಿಗೆ ಕಳಿಸಬೇಕು ಅಂತ ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ಗಿಟಾರ್ ಕೈಯಲ್ಲಿದೆ.

ಕೊಂಡವರು ಬೆಂಗಳೂರಿನಿಂದ ಕಾರಿನಲ್ಲಿ ತಾವೇ ಬಂದರು. ಮಾತೇ ಆಡದೆ ನೆಕ್ ಬಿಚ್ಚಿ ನೋಡಿದರು, ಸ್ವಂತ ಮೀಟರ್ ತಂದಿದ್ದರು. ಅವರೂ ನೇರಳೆ ಟಾರ್ಚ್ ತಂದಿದ್ದು ನೋಡಿ ನನಗೆ ನಗು ಬಂತು. ನಾಲ್ಕೂಕಾಲು ಹೇಳಿದ್ದೆ, ಮೂರು ಲಕ್ಷದ ತೊಂಬತ್ತಕ್ಕೆ ಕುದುರಿತು. ಅರ್ಧ ನಗದು ಕೊಡಲು ಬಂದರು. ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಮುಟ್ಟುವ ಹಾಗಿಲ್ಲ, ಇದು ಅದರ ಹತ್ತಿರವೇ ಬರುತ್ತಿತ್ತು, ಸುಮ್ನೆ ಯಾಕೆ ತಂಟೆ ಅಂತ ಎಲ್ಲ ಬ್ಯಾಂಕಿಗೇ ಹಾಕಿಸಿಕೊಂಡೆ. ನನ್ನ ಖರ್ಚು ಓಡಾಟ ಸೇರಿ ಹತ್ತು ಸಾವಿರದ ಒಳಗೆ.

ಊಟಕ್ಕೆ ಚಿಕ್ಕಮ್ಮನ ಮನೆಯಲ್ಲೇ ಏರ್ಪಾಡಾಗಿತ್ತು. ಕೈ ತೊಳೆಯಲು ಬಚ್ಚಲಿಗೆ ಹೋದವರು ಅಲ್ಲಿಂದಲೇ ನನ್ನ ಹೆಸರು ಕೂಗಿದರು. ಸೋಪು ಇಡುವ ಡಬ್ಬಿ ಅಂತ ನಾವು ಅಂದುಕೊಂಡಿದ್ದದ್ದು ಗಿಟಾರ್‌ನ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ನ ಕ್ರೋಮ್ ಕವರ್. ಒಳಗೆ ಸ್ಪಂಜ್ ಅಂಟಿಸಿದ್ದ ಗುರುತೂ ಇತ್ತು. ಚಿಕ್ಕಮ್ಮ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, "ಇದು ಲೆಕ್ಕದಲ್ಲಿ ಇರಲಿಲ್ಲ ಅಲ್ವಾ?" ಅಂತ ಕೇಳಿದರು. ಅದಕ್ಕೆ ಬೇರೆ ಹನ್ನೆರಡು ಸಾವಿರ ಬಂತು, ಅದು ಪೂರ್ತಿ ಅವರಿಗೇ. ಪಿಕಪ್ ಮೇಲಿನ ಇನ್ನೊಂದು ಕವರ್ ಸಿಕ್ಕರೆ ಅದನ್ನೂ ತಗೊಳ್ಳುತ್ತೇನೆ ಅಂತ ಕೊಂಡವರು ಹೇಳಿ ಹೋಗಿದ್ದಾರೆ. ಚಿಕ್ಕಮ್ಮ ಆಳುಗಳನ್ನು ಬಿಟ್ಟು ಕೊಟ್ಟಿಗೆ, ಸೌದೆ ಮನೆ ಎಲ್ಲ ಹುಡುಕಿಸುತ್ತಿದ್ದಾರೆ.