ಮಣ್ಣಿನ ಗುಡಿ, ಮಠ, ಮಸೂತಿ ಉಳಿಸ್ಕೊಳ್ಳೋದು ಹೆಂಗ

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೇ ಊರೊಳಗ ಹೊಕ್ರ ಮಣ್ಣಿನ ಮಾಳಿಗಿ (ಚಾವಣಿ) ಇರೋ ಮಠ, ಹಣಮಪ್ಪನ ಗುಡಿ, ಮೊಹರಮ್ಮಿನಾಗ ಅಲಾಯಿ ದೇವರು ಕೂಡೋ ಮಸೂತಿ ಇನ್ನೂ ಸಿಗ್ತಾವ, ಆದ್ರ ವರ್ಷಾ ವರ್ಷಾ ಕಮ್ಮಿ ಆಗ್ಲಿಕತ್ತಾವ. 2009ರ ಸೆಪ್ಟೆಂಬರ್ ಕೊನಿಗೆ ಹತ್ತಿದ ಮಳಿ ನೆನಪಿದ್ದವ್ರಿಗೆ ಗೊತ್ತೈತಿ, ಎಷ್ಟು ಗೋಡಿ ಕುಂತು ಹೋದ್ವು ಅಂತ. ನಮ್ಮೂರ ಮಠದ ಗೋಡಿ ಆ ಮಳಿಗೂ ಬೀಳ್ಲಿಲ್ರಿ. ಬಿದ್ದಿದ್ದು ಆಮ್ಯಾಲೆ, ಭಕ್ತರು ಪ್ರೀತಿಯಿಂದ ಪಟ್ಟಿ ಎತ್ತಿ ಹೊರಗ ಸಿಮೆಂಟ್ ಗಿಲಾವ್ ಮಾಡ್ಸಿದ ಮ್ಯಾಲೆ.

ಯಾಕಂದ್ರ ಮಣ್ಣಿನ ಗೋಡಿ ನೆಲದಿಂದ ತೇವ ಎಳ್ಕೊಂತೈತಿ, ಗಾಳಿಗೆ ಬಿಡ್ತೈತಿ. ಸಿಮೆಂಟ್ ಮೆತ್ತಿದ್ರ ತೇವ ಒಳಗ ಸಿಕ್ಕೊಂಡು, ಉಪ್ಪು ಒಡದು, ಬುಡ ಹಿಟ್ಟಿನಂಗ ಉದುರ್ತೈತಿ, ಮ್ಯಾಲೆ ನೋಡಿದ್ರ ಮಾತ್ರ ಗಟ್ಟಿ ಕಾಣ್ತೈತಿ. ಹಂಗಾಗಿ ಮೊದಲ್ನೇ ಮಾತು, ಸಿಮೆಂಟ್ ಬ್ಯಾಡ್ರಿ. ಮೊದ್ಲ ಮೆತ್ತಿದ್ರ ಬ್ರೇಕರ್ ಹಚ್ಚದಂಗ ಉಳಿ ಹಿಡದು ಸ್ವಲ್ಪ ಸ್ವಲ್ಪ ತಗೀರಿ, ಗೋಡಿ ಆರಾಕ ಒಂದೆರಡು ತಿಂಗಳು ಬಿಡ್ರಿ.

ಕೆಲಸ ಬುಡದಿಂದ ಸುರು ಮಾಡ್ರಿ. ಈಗ ಎಲ್ಲಾ ಕಡೆ ಸಿಸಿ ರೋಡ್ ಮ್ಯಾಲೆ ಮ್ಯಾಲೆ ಹಾಕಿ ಗುಡಿ ತೆಗ್ಗಿನಾಗ ಬಿದ್ದೈತಿ, ಮಳಿ ನೀರೆಲ್ಲಾ ಗೋಡಿಗೇ ಬಂದು ನಿಲ್ತೈತಿ. ಗೋಡಿ ಸುತ್ತ ಕೂಡಿದ ಮಣ್ಣು ತಗದು ನೀರು ಹೊರಗ ಹರಿಯೋ ಹಂಗ ಇಳಿಜಾರು ಮಾಡ್ರಿ. ಬುಡ ಕೊರದು ಒಳಗ ಹೋಗಿದ್ರ ಅದೇ ಮಣ್ಣಿನ ಹಸಿ ಇಟ್ಟಂಗಿ ಮಾಡಿ, ಒಣಗಿಸಿ, ಮಣ್ಣಿನ ಕೆಸರಿನಾಗ ಕೂಡಿಸ್ರಿ.

ಮೆತ್ತೋ ಮಣ್ಣು ನೋಡೋದು ಸರಳ ಐತಿ. ಗಾಜಿನ ಬಾಟ್ಲಿನಾಗ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕಿ ಉಪ್ಪು ಹಾಕಿ ಅಲ್ಲಾಡಿಸಿ ಇಡ್ರಿ, ಮರಳು ಕೂಡ್ಲೇ ತಳಕ್ಕ ಕೂಡ್ತೈತಿ, ಅಂಟು ಮಣ್ಣು ಮರುದಿನ ಮ್ಯಾಲಿನ ಪದರಾಗಿ ಕಾಣ್ತೈತಿ. ಬರೇ ಎರಿ (ಕಪ್ಪು) ಮಣ್ಣು ತಗೋಬ್ಯಾಡ್ರಿ, ಹಿಗ್ಗಿ ಬಿರುಕು ಬಿಡ್ತೈತಿ. ಕೆಂಪು ಮಣ್ಣಿಗೆ ಮರಳು, ಹೊಟ್ಟು ಕಲಸಿ ಒಂದು ವಾರನಾರ ಕೊಳಿಯಾಕ ಬಿಡ್ರಿ, ದಿನಾ ತುಳೀರಿ. ಮೂರ್ನಾಲ್ಕು ಅಳತಿನಾಗ ಕಲಸಿ ಗೋಡಿ ಮ್ಯಾಲೆ ಒಂದೊಂದು ಅಂಗೈಯಗಲ ಬಳದು ನೋಡ್ರಿ, ಬಿರುಕು ಕಮ್ಮಿ ಬಿಟ್ಟಿದ್ದೇ ನಿಮ್ಮ ಅಳತಿ. ಬಳಿಯೋ ಮುಂಚೆ ಗೋಡಿಗೆ ನೀರು ಚಿಮುಕಿಸ್ರಿ. ಸಂಕ್ರಾಂತಿ ದಾಟಿದ ಮ್ಯಾಲೆ ಯುಗಾದಿ ಒಳಗ ಮುಗಿಸಿದ್ರ ಚಲೋ, ನಮ್ಮ ಏಪ್ರಿಲ್ ಬಿಸಿಲಿಗೆ ಹಸಿ ಮೆತ್ತಿಗಿ ಸೀಳ್ತೈತಿ.

ಮಾಳಿಗಿ ವಿಚಾರಕ್ಕ ಬಂದ್ರ, ವರ್ಷಾ ಹಳೇ ಮಣ್ಣಿನ ಮ್ಯಾಲೇ ಹೊಸಾದು ಸುರಿಬ್ಯಾಡ್ರಿ, ಭಾರಕ್ಕ ಜಂತಿ ಮುರೀತಾವ. ಹಳೇ ಸಡಿಲ ಮಣ್ಣು ಕೆರದು, ಹುಲ್ಲು, ಅರಳಿ ಸಸಿ ಬೇರು ಸಮೇತ ಕಿತ್ತು, ಆಮ್ಯಾಲೆ ತೆಳುವಾಗಿ ಸವಳ ಮಣ್ಣು, ಅಂದ್ರ ಉಪ್ಪಿನಂಶ ಇರೋ ಮಣ್ಣು, ಹಾಸ್ರಿ. ಸವಳ ಮಣ್ಣು ನೀರು ಬಿದ್ದ ಕೂಡ್ಲೇ ಸಂದಿ ಮುಚ್ಕೊಂತೈತಿ, ಹಿರಿಯರು ಅದನ್ನ ಸುಮ್ನ ಹಾಕ್ತಿರ್ಲಿಲ್ಲ. ಆದ್ರ ಗೋಡಿಗೆ ಅದು ಬ್ಯಾಡ, ಉಪ್ಪು ಒಡೀತೈತಿ. ಜಂತಿ ಗೋಡಿ ಒಳಗ ಹೋಗೋ ಜಾಗದಾಗ ಸ್ಕ್ರೂಡ್ರೈವರ್ ಚುಚ್ಚಿ ನೋಡ್ರಿ, ಮೆತ್ತಗಿದ್ರ ಮೊದ್ಲ ಕಂಬ ಕೊಟ್ಟು ಆಸರ ಮಾಡ್ರಿ.

ಒಳಗ ಹಳೇ ಚಿತ್ರ, ಗಚ್ಚಿನ ಗೊಂಬಿ ಇದ್ರ ಸುಣ್ಣ ಹೊಡಿಬ್ಯಾಡ್ರಿ, ತಿಳಿದವ್ರನ್ನ ಕರೀರಿ. ಸಂರಕ್ಷಿತ ಸ್ಮಾರಕ ಇದ್ರಂತೂ ಪುರಾತತ್ವ ಇಲಾಖೆ ಅನುಮತಿ ಇಲ್ದ ಒಂದು ಸನಿಕಿ ಮಣ್ಣೂ ಅಲುಗಿಸಂಗಿಲ್ಲ.

ಮಣ್ಣು ಎಷ್ಟು ದಿನ ತಡೀತೈತಿ ಅಂತ ಕೇಳಿದವ್ರಿಗೆ ನಾ ಹೇಳೋದು ಹಿಮಾಚಲದ ಸ್ಪಿತಿ ಕಣಿವಿ ತಾಬೊ ಮಠ. ಚಳಿ ಮರುಭೂಮಿನಾಗ 996ರಾಗ ಕಟ್ಟಿದ್ದು, ಮಣ್ಣಿನ ಗೋಡಿ, ಒಳಗಿನ ಚಿತ್ರ ಸಮೇತ ಸಾವಿರ ವರ್ಷ ದಾಟೈತಿ. ಸಹಾರಾ ಮರುಭೂಮಿ ದಕ್ಷಿಣಕ್ಕ ಮಾಲಿ ದೇಶದ ಜೆನ್ನೆ ಊರಿನ ದೊಡ್ಡ ಮಸೀದಿನೂ ಮಣ್ಣಿಂದ, ಈಗಿರೋ ಕಟ್ಟಡ 1907ರದು. ಅಲ್ಲಿ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಅದಕ್ಕ ಮಣ್ಣು ಮೆತ್ತತೈತಿ, ಹುಡುಗರಿಂದ ಮುದುಕರ ತನಕ. ನಮ್ಮಲ್ಲೂ ಜಾತ್ರಿಗೆ ಮೊದ್ಲ ಗುಡಿ ಸಾರಿಸೋ ಪದ್ಧತಿ ಇತ್ತಲ್ರಿ, ಅದನ್ನೇ ಮತ್ತ ಹಚ್ಕೊಂಡ್ರಾತು, ಓಣಿಗೊಂದು ಗೋಡಿ ಹಂಚ್ಕೋರಿ.

ಮೊದಲ್ನೇ ಮುಂಗಾರು ಮಳಿಗೆ ಛತ್ರಿ ಹಿಡ್ಕೊಂಡು ಹೋಗಿ ನಿಂತು ನೋಡ್ರಿ, ನೀರು ಎಲ್ಲಿ ನಿಲ್ತೈತಿ, ಎಲ್ಲಿ ಸೋರ್ತೈತಿ ಅಂತ. ಫೋಟೊ ತಗೊಂಡು ತಾರೀಖು ಸಮೇತ ಬರದಿಡ್ರಿ, ಮುಂದಿನ ವರ್ಷದ ಕೆಲಸ ಅಲ್ಲಿಂದ ಸುರು.