ಕೂಡುವ ಬಾಟಲಿ, ಬಿಡುವ ಬಾಟಲಿ

ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಒಂದಕ್ಕೊಂದು ಸೇರಿಸುವುದು ಯಾರ ಕೈಯಲ್ಲಾದರೂ ಆಗುವ ಕೆಲಸ. ಸೇರಿಸಿದ್ದನ್ನು ಬಿಡಿಸಿ, ಮತ್ತೆ ಸೇರಿಸಿ, ಐವತ್ತನೆಯ ಸಲವೂ ಮೊದಲ ಸಲದಷ್ಟೇ ಬಿಗಿಯಾಗಿ ಕೂರುವಂತೆ ಮಾಡುವಾಗಲೇ ಬೆವರಿಳಿಯುತ್ತದೆ. ನಾನು ಮಾಡಿದ ಮೊದಲ ಮಾದರಿ ಬಹಳ ಚೆನ್ನಾಗಿ ಕಚ್ಚಿಕೊಂಡಿತು. ಬಿಡಿಸಲು ಕೊನೆಗೆ ಗರಗಸ ಬೇಕಾಯಿತು.

1963ರಲ್ಲಿ ಹೈನೆಕೆನ್ ಬಿಯರ್ ಕಂಪನಿಗಾಗಿ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ ‘ವೊಬೊ’ ಎಂಬ ಚೌಕಾಕಾರದ ಗಾಜಿನ ಬಾಟಲಿಯನ್ನು ರೂಪಿಸಿದರು. ಅಡ್ಡ ಮಲಗಿಸಿದರೆ ಒಂದರ ಕತ್ತು ಇನ್ನೊಂದರ ತಳದ ಕುಳಿಯೊಳಗೆ ಕೂರುತ್ತಿತ್ತು. ಆದರೆ ಅದು ಗೋಡೆ ಕಟ್ಟುವ ಇಟ್ಟಿಗೆ, ಒಮ್ಮೆ ಇಟ್ಟರೆ ಮುಗಿಯಿತು. ಅದಕ್ಕೂ ಮೊದಲೇ, 1958ರಲ್ಲಿ, ಲೆಗೋ ಎಂಬ ಆಟಿಕೆ ಇಟ್ಟಿಗೆಗೆ ಒಳಗಡೆ ಕೊಳವೆಗಳನ್ನಿಟ್ಟ ವಿನ್ಯಾಸದ ಪೇಟೆಂಟ್ ಅರ್ಜಿ ಸಲ್ಲಿಕೆಯಾಗಿತ್ತು. ಮಗುವಿನ ಬೆರಳಿಗೂ ಬಿಡಬೇಕು, ತಾನಾಗಿ ಬೀಳಬಾರದು. ನಮ್ಮ ಬಾಟಲಿಯೂ ಹಿಡಿಯಬೇಕಾದದ್ದು ಈ ಎರಡನೆಯ ದಾರಿಯನ್ನು.

ಆದ್ದರಿಂದ ಮೊದಲ ಹೆಜ್ಜೆ, ಬಿಡಿಸುವ ದಿಕ್ಕನ್ನು ಗೊತ್ತುಮಾಡಿಕೊಳ್ಳುವುದು. ಎಳೆದರೆ ಬಿಡಬೇಕೆ, ತಿರುಗಿಸಿದರೆ ಬಿಡಬೇಕೆ, ಜಾರಿಸಿದರೆ ಬಿಡಬೇಕೆ? ಬಾಟಲಿಯ ಮೇಲೆ ಭಾರ ಬೀಳುವ ದಿಕ್ಕು ಮತ್ತು ಅದು ಬಿಡುವ ದಿಕ್ಕು ಒಂದೇ ಆಗಕೂಡದು. ಒಂದರ ಮೇಲೊಂದು ಪೇರಿಸುವುದಾದರೆ ಭಾರವೇ ಜೋಡಣೆಯನ್ನು ಅದುಮಿ ಹಿಡಿಯುತ್ತದೆ, ಮೇಲಕ್ಕೆತ್ತಿದರೆ ಬಿಟ್ಟರೆ ಸಾಕು. ಸರದಂತೆ ತೂಗುಹಾಕುವುದಾದರೆ ಎಳೆದಾಗ ಬಿಡುವ ಕೊಕ್ಕೆ ಅಪಾಯಕಾರಿ. ಅಲ್ಲಿ ತಿರುಗಿಸಿ ಬಿಡಿಸುವ ಬೀಗವೇ ಬೇಕು.

ಮುಂದಿನದು ಜಾಗ. ಪೆಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಾಟಲಿ ಹುಟ್ಟುವುದು ಎರಡು ಹಂತದಲ್ಲಿ. ಮೊದಲು ಪರೀಕ್ಷಾನಳಿಕೆಯಂಥ ದಪ್ಪ ಕೊಳವೆಯೊಂದನ್ನು ಅಚ್ಚಿಗೆ ಪ್ಲಾಸ್ಟಿಕ್ ತುಂಬಿ ತೆಗೆಯುತ್ತಾರೆ. ಆಮೇಲೆ ಅದನ್ನು ಕಾಯಿಸಿ, ಹಿಗ್ಗಿಸಿ, ಗಾಳಿ ಊದಿ ಬಾಟಲಿಯಾಗಿಸುತ್ತಾರೆ. ಕತ್ತಿನ ಭಾಗ ಮೊದಲ ಹಂತದಲ್ಲೇ ಸಿದ್ಧವಾಗಿರುತ್ತದೆ, ಊದುವಾಗ ಬದಲಾಗುವುದಿಲ್ಲ. ಹಾಗಾಗಿ ಇಡೀ ಬಾಟಲಿಯಲ್ಲಿ ಅಳತೆ ಕರಾರುವಾಕ್ಕಾಗಿರುವುದು ಅಲ್ಲೇ. ನಿಖರವಾದ ಕೊಕ್ಕೆ, ತಿರುಪುಗಳನ್ನು ಕತ್ತಿಗೆ ಕೊಡಿ. ಊದಿದ ಒಡಲಿನಲ್ಲಿ ಮೂಲೆಗಳು ಮೊಂಡಾಗುತ್ತವೆ, ಚಾಚಿದ ಕಡೆಯಲ್ಲೆಲ್ಲ ಗೋಡೆ ತೆಳುವಾಗುತ್ತದೆ. ಅಲ್ಲಿ ದುಂಡು ಅಂಚಿನ, ಉದಾರ ಅಳತೆಯ, ಉಬ್ಬಿದ ಏಣು ಮತ್ತು ತಗ್ಗಿದ ತೋಡುಗಳೇ ಒಳ್ಳೆಯದು. ತೋಡಿನ ಆಳ ಅದರ ಅಗಲವನ್ನು ಮೀರದಿರಲಿ.

ಪಕ್ಕಕ್ಕೆ ಪಕ್ಕ ಕೂಡುವ ಬಾಟಲಿಯಲ್ಲಿ ಇನ್ನೊಂದು ತೊಡಕಿದೆ, ನನಗೆ ಎಲ್ಲಕ್ಕಿಂತ ಇಷ್ಟವಾದ ತೊಡಕು ಕೂಡ ಅದೇ. ಒಂದು ಬಾಟಲಿಗೆ ಏಣು, ಇನ್ನೊಂದಕ್ಕೆ ತೋಡು ಎಂದು ಮಾಡಿದರೆ ಗಂಡು ಹೆಣ್ಣು ಎಂದು ಎರಡು ಅಚ್ಚುಗಳು ಬೇಕು. ಬಳಸುವವರ ಕೈಗೆ ಯಾವಾಗಲೂ ಎರಡು ಗಂಡುಗಳೇ ಸಿಗುತ್ತವೆ. ಇದಕ್ಕೆ ಉಪಾಯ, ಪ್ರತಿ ಮುಖದಲ್ಲೂ ಎಡಕ್ಕೆ ಏಣು, ಬಲಕ್ಕೆ ತೋಡು, ಎರಡೂ ನಡುಗೆರೆಯಿಂದ ಒಂದೇ ದೂರದಲ್ಲಿ. ಎದುರುಬದುರು ನಿಂತವರಲ್ಲಿ ಒಬ್ಬರ ಎಡಗೈ ಇನ್ನೊಬ್ಬರ ಬಲಗೈಗೆ ಎದುರಾಗುವಂತೆ, ಏಣು ತಾನಾಗಿ ತೋಡಿನ ಎದುರು ಬಂದು ನಿಲ್ಲುತ್ತದೆ. ಆಗ ಎಲ್ಲ ಬಾಟಲಿಯೂ ಎಲ್ಲ ಬಾಟಲಿಗೂ ಕೂಡುತ್ತದೆ. ಮುಖ ನಾಲ್ಕಿದ್ದರೆ ಚೌಕ ಜಾಲ, ಆರಿದ್ದರೆ ಜೇನುಗೂಡು. ದುಂಡು ಬಾಟಲಿಯನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಸುಮಾರು ಶೇ 9ರಷ್ಟು ಜಾಗ ಖಾಲಿಯೇ ಉಳಿಯುತ್ತದೆ.

ಜಾರಿಸಿ ಕೂಡಿಸುವ ತೋಡು ಉದ್ದಕ್ಕೂ ಒಂದೇ ಅಗಲವಿದ್ದರೆ ಇಡೀ ದಾರಿ ಉಜ್ಜುತ್ತದೆ. ಏಣು ಒಳಹೊಗುವ ತುದಿ ಅಗಲವಾಗಿ, ಕೊನೆ ಕಿರಿದಾಗಿರಲಿ. ಕೊನೆಯ ಬೆರಳಗಲದಲ್ಲಿ ಮಾತ್ರ ಬಿಗಿಯಾಗುತ್ತದೆ, ತುಸು ಎತ್ತಿದೊಡನೆ ಸಡಿಲವಾಗುತ್ತದೆ. ಒಂದು ಎಚ್ಚರಿಕೆ: ಊದುವ ಅಚ್ಚು ಎರಡು ಹೋಳಾಗಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ತಳದಲ್ಲಿ ಅಗಲ, ಮೇಲ್ಮೈಯಲ್ಲಿ ಕಿರಿದು ಇರುವ ತೋಡು ಆಳವಾಗಿದ್ದರೆ ಬಾಟಲಿ ಅಚ್ಚಿಗೇ ಸಿಕ್ಕಿಕೊಳ್ಳುತ್ತದೆ. ತೋಡನ್ನು ಆಳವಿಲ್ಲದಂತೆ ಮಾಡಿ, ಇಲ್ಲವೇ ಅಚ್ಚಿನಲ್ಲಿ ಸರಿಯುವ ತುಂಡುಗಳಿಗೆ ಖರ್ಚು ಮಾಡಿ.

ಕೊಕ್ಕೆ ಬೇಕೆಂದಾದರೆ ತುಸು ಲೆಕ್ಕ ಅನಿವಾರ್ಯ. ಒಂದು ತುದಿ ಸ್ಥಿರವಾಗಿರುವ ಕೊಕ್ಕೆಯ ತೋಳು ಬಾಗುವಾಗ ಅದರ ಬುಡ ಎಷ್ಟು ಹಿಗ್ಗುತ್ತದೆ ಎಂದು ತಿಳಿಯಲು ದಪ್ಪವನ್ನೂ ಬಾಗುವ ದೂರವನ್ನೂ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿ, ಉದ್ದದ ವರ್ಗದಿಂದ ಭಾಗಿಸಬೇಕು. 1 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ತೋಳು 1 ಮಿಲಿಮೀಟರ್ ಬಾಗಿದರೆ ಶೇ 1.5. ಉದ್ದವನ್ನು 20ಕ್ಕೆ ಏರಿಸಿದರೆ ಅದರ ಕಾಲು ಭಾಗ ಮಾತ್ರ. ಕೊಕ್ಕೆ ಮುರಿಯುತ್ತಿದೆ ಎಂದು ದಪ್ಪ ಮಾಡುವುದು ಎಲ್ಲರೂ ಮಾಡುವ ತಪ್ಪು. ಉದ್ದ ಮಾಡಬೇಕು. ಒಂದೇ ಸಲ ಕೂಡುವ ಕೊಕ್ಕೆಗೆ ಒಪ್ಪಿಗೆಯಾಗುವ ಹಿಗ್ಗುವಿಕೆಯಲ್ಲಿ, ಮತ್ತೆ ಮತ್ತೆ ಬಿಡಿಸುವ ಕೊಕ್ಕೆಗೆ ಸುಮಾರು ಶೇ 60ರಷ್ಟನ್ನು ಮಾತ್ರ ಬಳಸುವುದು ರೂಢಿ. ಕೊಕ್ಕೆಯ ಮುಂದಿನ ಇಳಿಜಾರು 30 ಡಿಗ್ರಿ, ಹಿಂದಿನದು 45 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಎಳೆದಾಗ ಬಿಡುತ್ತದೆ. ಹಿಂಬದಿ 90 ಡಿಗ್ರಿಯಾದರೆ ನನ್ನ ಗರಗಸ ನೆನಪಿಗೆ ಬರಲಿ. ಇನ್ನು, ಕೂಡಿ ಕುಳಿತ ಸ್ಥಿತಿಯಲ್ಲಿ ತೋಳು ಬಾಗಿರಬಾರದು. ಬಾಗಿಯೇ ಉಳಿದ ಪ್ಲಾಸ್ಟಿಕ್ ದಿನಕಳೆದಂತೆ ಆ ಆಕಾರಕ್ಕೇ ಒಗ್ಗಿ ಹಿಡಿತ ಬಿಡುತ್ತದೆ.

ಪ್ಲಾಸ್ಟಿಕ್ಕಿನ ಆಯ್ಕೆ ಸುಲಭ. ಬಾಗುವ ಭಾಗಕ್ಕೆ ಪಾಲಿಪ್ರೊಪಿಲೀನ್, ಪಾರದರ್ಶಕ ಒಡಲಿಗೆ ಪೆಟ್. ಎರಡನ್ನೂ ಅಂಟು ಹಾಕಿ ಬೆಸೆಯಬೇಡಿ. ಪುಡಿ ಮಾಡಿ ನೀರಿಗೆ ಹಾಕಿದಾಗ ಪೆಟ್ ಮುಳುಗುತ್ತದೆ, ಪಾಲಿಪ್ರೊಪಿಲೀನ್ ತೇಲುತ್ತದೆ. ಮರುಬಳಕೆಯವರು ಬೇರ್ಪಡಿಸುವುದು ಹೀಗೆಯೇ. ಸೋಡಾದಂಥ ಪಾನೀಯ ತುಂಬುವ ಬಾಟಲಿಯಾದರೆ ಪಕ್ಕದ ಜೋಡಣೆಯ ಆಸೆ ಬಿಡಿ, ಒಳಗಿನ ಒತ್ತಡ ಚಪ್ಪಟೆ ಮುಖವನ್ನು ಉಬ್ಬಿಸಿಬಿಡುತ್ತದೆ.

ಅಚ್ಚಿಗೆ ಹೋಗುವ ಮೊದಲು ಮನೆಯಲ್ಲೇ ಮಾದರಿ ಮಾಡಿ. ಎರಡು ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಹಚ್ಚಿ, ನಡುವೆ ತೂತು ಕೊರೆದು ಚಿಕ್ಕ ಬೋಲ್ಟ್ ಬಿಗಿದರೆ, ಎರಡು ಬಾಟಲಿಗಳ ಕತ್ತು ಕೂಡಿಸುವ ಕೊಂಡಿ ಸಿದ್ಧ. ಮುಚ್ಚಳದ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲವಾದ್ದರಿಂದ ಬೋಲ್ಟೇ ಗತಿ. ಒಡಲಿನ ಏಣು ತೋಡುಗಳನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ, ಆಮೇಲೆ ತ್ರೀಡಿ ಪ್ರಿಂಟರಿನಲ್ಲಿ ತೆಗೆಯಿರಿ. ಎರಡರ ನಡುವೆ 0.2ರಿಂದ 0.5 ಮಿಲಿಮೀಟರ್ ಸಂದು ಬಿಟ್ಟು ಮೂರು ನಾಲ್ಕು ತುಂಡುಗಳನ್ನು ಮಾಡಿ, ಕೈಗೆ ಹಿತವೆನಿಸಿದ್ದನ್ನು ಆರಿಸಿ.

ಪರೀಕ್ಷೆಗೆ ಒಬ್ಬರನ್ನು ಕೂರಿಸಿ, ಏನೂ ಹೇಳದೆ ಕೂಡಿದ ಜೋಡಿಯನ್ನು ಕೈಗೆ ಕೊಡಿ. ಎತ್ತಬೇಕೋ ತಿರುಗಿಸಬೇಕೋ ಎಂದು ಬೆರಳಿಗೆ ತಾನಾಗಿ ತಿಳಿಯಬೇಕು. ಆಮೇಲೆ ನೂರು ಸಲ ಕೂಡಿಸಿ ಬಿಡಿಸಿ. ಮುಚ್ಚಳ ಬಿಗಿದ ಬಾಟಲಿ ಒಳಗಿನ ಗಾಳಿಯಿಂದ ಗಟ್ಟಿಯಾಗಿರುತ್ತದೆ, ತೆರೆದ ಖಾಲಿ ಬಾಟಲಿ ಹಿಡಿದರೆ ಕುಗ್ಗುತ್ತದೆ. ಎರಡು ಸ್ಥಿತಿಯಲ್ಲೂ ನೋಡಿ. ಬಿಸಿಲಿನಲ್ಲಿ ಒಂದು ಹಗಲು ಇಟ್ಟು ನೋಡಿ. ಕೊನೆಗೆ ಕೈಗೆ ಸಾಬೂನು ನೀರು ಸವರಿಕೊಂಡು ಇನ್ನೊಮ್ಮೆ ಬಿಡಿಸಿ. ನನ್ನ ನಾಲ್ಕನೆಯ ಮಾದರಿ ನೂರರ ಲೆಕ್ಕ ದಾಟಿ ಈ ಸಾಬೂನಿನಲ್ಲಿ ಸೋತಿತು. ಐದನೆಯದರ ಏಣಿನಲ್ಲಿ ಬೆರಳೂರಲು ಒಂದು ಚಿಕ್ಕ ತಗ್ಗು ಕೊಟ್ಟ ಮೇಲೆ ಬಿಟ್ಟಿತು.