ಮೊದಲು ನೆರಳು, ಆಮೇಲೆ ಎಲೆ

ಕೋಣೆಗೆ ಒಂದೇ ಕಿಟಕಿ ಇದ್ದರೂ ಜಲವರ್ಣದಲ್ಲಿ ಗಿಡದ ಚಿತ್ರ ಬರೆಯಬಹುದು. ಆದರೆ ಅದು ಯಾವ ದಿಕ್ಕಿಗಿದೆ ಅಂತ ಮೊದಲು ನೋಡಿಕೊಳ್ಳಿ. 2021ರ ಮೇ ತಿಂಗಳಲ್ಲಿ ಕೊರೊನಾ ಬಂದು ನಾನು ಕುವೆಂಪುನಗರದ ಮನೆಯ ಮಹಡಿ ಕೋಣೆ ಸೇರಿದೆ. ಅಲ್ಲಿದ್ದದ್ದು ಪಶ್ಚಿಮದ ಕಿಟಕಿ. ನಾಲ್ಕು ಗಂಟೆಯಾದರೆ ಬಿಸಿಲು ಓರೆಯಾಗಿ ಒಳಗೆ ಬಂದು ಗೋಡೆ ಮೇಲೆ ಒಳ್ಳೆ ನೆರಳು ಬೀಳುತ್ತಿತ್ತು. ಮಧ್ಯಾಹ್ನ ಮಾತ್ರ ಕೂರಬೇಡಿ. ಏಪ್ರಿಲ್ 20 ದಾಟುತ್ತಿದ್ದಂತೆ ಮೈಸೂರಲ್ಲಿ ಸೂರ್ಯ ನೆತ್ತಿಗೇ ಬರುತ್ತಾನೆ. ಆ ದಿನಗಳಲ್ಲಿ 12.20ರ ಸುಮಾರಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳು ಸಿಗುವುದಿಲ್ಲ. ಆಗ ಮಲಗುವುದೇ ವಾಸಿ.

ಗಿಡ ಯಾವುದು? ಕಾಂಪೌಂಡ್ ಬುಡದಲ್ಲಿ, ನಲ್ಲಿ ನೀರು ಹರಿಯುವ ಕಡೆ ತಾನಾಗೇ ಹುಟ್ಟಿದ್ದು. ಗುಲ್‌ಮೊಹರ್ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಮಡಗಾಸ್ಕರ್‌ನಿಂದ ಬಂದ ಆ ಮರವನ್ನು ಎಲ್ಲರೂ ಬರೆಯುತ್ತಾರೆ. ಶಿವನಿಗೆ ಏರಿಸುವ ತುಂಬೆಯನ್ನು ಯಾರು ಬರೆಯುತ್ತಾರೆ? ಊಟದ ತಟ್ಟೆ ಜೊತೆ ಒಂದು ತುಂಬೆ ಕಡ್ಡಿ ಬಾಗಿಲ ಹತ್ತಿರ ಇಡು ಅಂತ ಸೊಸೆಗೆ ಹೇಳಿದ್ದೆ. "ಅಷ್ಟೊಂದು ದಾಸವಾಳ ಬಿಟ್ಟಿದೆ, ನೀವು ಕಳೆ ಕೇಳ್ತೀರಲ್ಲ ಅತ್ತೆ!" ಅಂದಳು.

ಕಡ್ಡಿಯನ್ನು ನೀರಿನ ಲೋಟದಲ್ಲಿಟ್ಟು ಗೋಡೆಯಿಂದ ಒಂದು ಗೇಣು ದೂರ ಇಡಿ. ಪೆನ್ಸಿಲ್‌ನಲ್ಲಿ ಮೊದಲು ನೆರಳಿನ ಅಂಚು ಗುರುತು ಮಾಡಿ. ಹತ್ತು ನಿಮಿಷದಲ್ಲಿ ಮುಗಿಸಬೇಕು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ನೆರಳೂ ನಿಲ್ಲುವುದಿಲ್ಲ. ಅದು ಆಮೇಲೆ ಎಲ್ಲಿಗೆ ಹೋದರೂ ನಿಮ್ಮ ಗುರುತು ತಿದ್ದಬೇಡಿ. ತಿದ್ದಿದರೆ ಒಂದೇ ಹಾಳೆಯಲ್ಲಿ ಎರಡು ಹೊತ್ತು ಸೇರಿಕೊಳ್ಳುತ್ತವೆ.

ಎಲೆ, ಕಾಂಡಕ್ಕೆ ಅವಸರವಿಲ್ಲ. ತುಂಬೆಯ ಕಾಂಡ ಚೌಕ, ಬೆರಳಲ್ಲಿ ಹೊರಳಿಸಿದರೆ ಗೊತ್ತಾಗುತ್ತದೆ. ಹೂವು ಕಾಂಡದ ಸುತ್ತ ಗುಂಡಗೆ ಕೂತಿರುತ್ತವೆ. ಅವಕ್ಕೆ ಬಿಳಿ ಬಣ್ಣ ಹಚ್ಚಬೇಡಿ, ಅಲ್ಲಿ ಕಾಗದವನ್ನೇ ಖಾಲಿ ಬಿಡಿ. ಸುತ್ತಲಿನ ಗೋಡೆಯನ್ನು ತೆಳ್ಳಗೆ ಬಳಿದರೆ ಹೂವು ತಾನಾಗೇ ಬೆಳ್ಳಗಾಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೀರಲ್ವಾ? ಅದೂ ಜಲವರ್ಣವೇ. ಸುತ್ತ ಅಷ್ಟು ಕತ್ತಲೆ ಇಲ್ಲದಿದ್ದರೆ ಆ ಬೆರಳುಗಳ ನಡುವೆ ಬೆಳಕು ಕಾಣುತ್ತಿರಲಿಲ್ಲ.

ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನಾ ಅನ್ನುವ ಕೆಂಗಂದು ಬಣ್ಣ ಬೆರೆಸಿದರೆ ಒಳ್ಳೆ ಬೂದು ಸಿಗುತ್ತದೆ. ಬಿಸಿಲು ಹಳದಿಗೆ ತಿರುಗಿದಷ್ಟೂ ನೀಲಿ ಜಾಸ್ತಿ ಮಾಡಿ. ಡಬ್ಬಿಯ ಹಸಿರನ್ನು ಹಾಗೇ ಹಚ್ಚಿದರೆ ಎಲೆ ಪ್ಲಾಸ್ಟಿಕ್ ಥರ ಕಾಣುತ್ತದೆ, ಹಳದಿ ನೀಲಿ ಸೇರಿಸಿ ನೀವೇ ಮಾಡಿಕೊಳ್ಳಿ. ಹೊಂಗೆಯ ಎಳೆ ಎಲೆಯ ಹಿಂದಿನಿಂದ ಬಿಸಿಲು ಬಂದರೆ ಹಳದಿ ಜಾಸ್ತಿ ಬೇಕು. ಮುಂದಿನಿಂದ ಬಿದ್ದರೆ ಹೊಳಪಿರುವ ಕಡೆ ಕಾಗದ ಬಿಡಿ. ಎಕ್ಕದ ಎಲೆ ಮೇಲೆ ಬೆಳ್ಳಗೆ ಪುಡಿ ಇರುತ್ತದೆ, ಅದೊಂದಕ್ಕೆ ಹಸಿರಿಗೆ ಚೂರು ಬಿಳಿ ಸೇರಿಸಬಹುದು. ಎಕ್ಕದ ಹಾಲು ಕಣ್ಣಿಗೆ ತಾಗಬಾರದು. ಕೈ ತೊಳೆದೇ ಬ್ರಷ್ ಹಿಡಿಯಿರಿ.

ಹಾಳೆಯ ಮೂಲೆಯಲ್ಲಿ ತಾರೀಖು, ಹೊತ್ತು ಬರೆದಿಡಿ. ನಾಳೆ ಮುಂದುವರಿಸುವುದಾದರೆ ಅದೇ ಹೊತ್ತಿಗೆ ಕೂರಬೇಕಾಗುತ್ತದೆ. ಮೇ ತಿಂಗಳ ಸಂಜೆ ಮೋಡವನ್ನು ನಂಬುವ ಹಾಗಿಲ್ಲ. ಕವಿದುಬಿಟ್ಟರೆ ಇದನ್ನು ಎತ್ತಿಟ್ಟು ಬೇರೆ ಹಾಳೆ ತೆಗೆದುಕೊಳ್ಳಿ.